ಜೀಪು ನಿಂತಲ್ಲೆಲ್ಲ ಅದಿರು

ಭೂಗರ್ಭ ಶೋಧನಾ ಇಲಾಖೆಯ ಮಾನ್ಯ ನಿರ್ದೇಶಕರೇ,

ನನ್ನ ಮನೆಯಡಿ ಕಬ್ಬಿಣದ ಅದಿರಿದೆ ಎಂದು ಹೇಳಿ ಮನೆ ಕೆಡವಿಸಿದಿರಿ. ಅಗೆದಾಗ ಸಿಕ್ಕಿದ್ದು ಮಣ್ಣು, ಒಂದಿಷ್ಟು ಹೆಂಚಿನ ಚೂರು. ಈಗ ‘ಯಂತ್ರದ ದೋಷ’ ಎಂದು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟು ಕೈ ತೊಳೆದುಕೊಂಡಿದ್ದೀರಿ. ಬಾಯಿಲ್ಲದ ಯಂತ್ರದ ಮೇಲೆ ಗೂಬೆ ಕೂರಿಸುವುದು ಸುಲಭ ಸ್ವಾಮೀ. ಆದರೆ ನನಗೆ ಬಾಯಿದೆ, ಅಂದು ನಾನು ಹೊಸ್ತಿಲಲ್ಲೇ ನಿಂತಿದ್ದೆ.

ಹತ್ತಿರ ಕಬ್ಬಿಣವಿದ್ದರೆ ಅಂಕಿ ಏರಿಸುವ ಯಂತ್ರ, ಕಾಂತಮಾಪಕ, ಹೊತ್ತು ಬಂದ ನಿಮ್ಮ ತಂತ್ರಜ್ಞೆ ಕೆಲಸಕ್ಕೆ ಮೊದಲು ಕೀಲಿಗೊಂಚಲು, ಗಡಿಯಾರ, ಬೆಲ್ಟು, ಕಡೆಗೆ ತಲೆಯ ಪಿನ್ನುಗಳನ್ನೂ ತೆಗೆದು ನನ್ನ ಬ್ರೆಡ್ಡಿನ ತಟ್ಟೆಯಲ್ಲಿಟ್ಟಳು. “ಇದೇನಮ್ಮಾ, ಸ್ನಾನಕ್ಕೆ ಹೊರಟ್ಯಾ?” ಎಂದು ರೇಗಿಸಿದೆ. “ಮೈಮೇಲೆ ಚೂರು ಕಬ್ಬಿಣ ಇದ್ರೂ ಇದು ಭೂಮಿ ಬಿಟ್ಟು ನನ್ನನ್ನೇ ಅಳೆಯುತ್ತೆ ಅಕ್ಕಾ,” ಎಂದು ನಕ್ಕಳು. ಅಷ್ಟರಲ್ಲಿ ತಾವು ಫೋಟೊ ತೆಗೆಸಿಕೊಳ್ಳಲು ದಯಮಾಡಿಸಿದಿರಿ. ಬೂಟಿಗೆ ಕೆಸರು ತಾಗಬಾರದೆಂದು ಜೀಪನ್ನು ಯಂತ್ರದ ಮಗ್ಗುಲಿಗೇ ತಂದು ನಿಲ್ಲಿಸಿದಿರಿ. “ಸರ್, ಗಾಡಿ ಸ್ವಲ್ಪ ದೂರ ನಿಲ್ಸಿ,” ಎಂದಳು. “ನಂಗೇ ಪಾಠ ಹೇಳ್ತೀಯಾ? ಸುಮ್ನೆ ಕೆಲ್ಸ ಮಾಡು,” ಎಂದು ಗದರಿದಿರಿ. ಅಂಕಿ ಗಗನಕ್ಕೇರಿತು, ನೀವು ಚಪ್ಪಾಳೆ ತಟ್ಟಿದಿರಿ. ಜೀಪಿನಷ್ಟು ಕಬ್ಬಿಣದ ಪಕ್ಕ ನಿಂತು ಕಬ್ಬಿಣ ಪತ್ತೆ ಹಚ್ಚಿದ ಪುಣ್ಯಾತ್ಮರು ನೀವೊಬ್ಬರೇ ಇರಬೇಕು. ಇದು ತಪ್ಪು ಎಂದ ಆಕೆಯನ್ನು ಕೆಲಸದಿಂದಲೇ ಕಿತ್ತುಹಾಕಿದಿರಿ.

ಆಮೇಲೆ ಗುರುತ್ವ ಅಳೆಯುವವರು ಬಂದರು. ಅದಿರು ಸುತ್ತಲಿನ ಕಲ್ಲುಮಣ್ಣಿಗಿಂತ ಭಾರ. ಅಷ್ಟು ದೊಡ್ಡ ರಾಶಿ ಕೆಳಗಿದ್ದರೆ ಅಲ್ಲಿ ಭೂಮಿಯ ಸೆಳೆತ ಕೂದಲೆಳೆಯಷ್ಟಾದರೂ ಹೆಚ್ಚಬೇಕು. ಹೆಚ್ಚಿರಲಿಲ್ಲ. ಹಾಗೆಂದು ನಿಮ್ಮ ಮುಖಕ್ಕೇ ಹೇಳಿದರು. ಒಂದು ವಿಧಾನ ಹೇಳಿದ್ದನ್ನು ಇನ್ನೊಂದರಿಂದ ಪರೀಕ್ಷಿಸಲೆಂದೇ ಅಲ್ಲವೇ ಎರಡನ್ನೂ ಇಟ್ಟುಕೊಂಡಿರುವುದು? “ಗುರುತ್ವ ಆಮೇಲೆ ನೋಡೋಣ, ಮೊದ್ಲು ಗೋಡೆ ಬೀಳ್ಲಿ,” ಎಂದಿರಿ.

ಬಿದ್ದದ್ದು ಗೋಡೆಯಷ್ಟೇ ಅಲ್ಲ. ನನ್ನಮ್ಮ ತಾನೇ ಇಟ್ಟಿಗೆ ಜೋಡಿಸಿ ಕಟ್ಟಿದ ಬ್ರೆಡ್ಡಿನ ಒಲೆಯೂ ಬಿತ್ತು. ಅಪ್ಪ ಹೋದ ಮೇಲೆ ನಮ್ಮನ್ನೆಲ್ಲ ಸಾಕಿದ್ದು ಅದೇ ಒಲೆ. ಕೆಂಡ ಆರುವುದಕ್ಕೂ ನಿಮ್ಮವರು ಬಿಡಲಿಲ್ಲ. ಅಮ್ಮ ಈಗ ಬಾಡಿಗೆ ಕೋಣೆಯಲ್ಲಿ ಮಂಕಾಗಿ ಕೂರುತ್ತಾಳೆ. ನಾದಲು ಹಿಟ್ಟು ಮುಂದಿಟ್ಟರೆ ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ. ನಿಮ್ಮನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಬೇಕಾಗಿಯೂ ಇಲ್ಲ.

ಅದಕ್ಕೇ ಕಳೆದ ವಾರ ಅದೇ ತಂತ್ರಜ್ಞೆಯನ್ನು ಕರೆದುಕೊಂಡು, ಆಕೆ ಈಗ ಸ್ವಂತಕ್ಕೆ ಇಟ್ಟುಕೊಂಡಿರುವ ಕಾಂತಮಾಪಕದೊಂದಿಗೆ, ನಿಮ್ಮ ಬಂಗಲೆಯ ಕಾಂಪೌಂಡಿನ ಹೊರಗೆ ನಡೆದೆ. ರಸ್ತೆ ಸಾರ್ವಜನಿಕರದ್ದು, ಗಾಬರಿಯಾಗಬೇಡಿ. ಗೋಡೆಗೆ ಒತ್ತಿಕೊಂಡು ಒಳಗೆ ತಮ್ಮ ಜೀಪು ನಿಂತಿತ್ತು. ಅಂಕಿ ಮತ್ತೆ ಗಗನಕ್ಕೇರಿತು. ಅಭಿನಂದನೆಗಳು! ನಿಮ್ಮ ಲೆಕ್ಕದ ಪ್ರಕಾರ ನಿಮ್ಮ ಮನೆಯಡಿಯೂ ಭರ್ಜರಿ ಅದಿರಿದೆ. ಆ ಅಂಕಿಗಳ ನಕ್ಷೆ ಬರೆಸಿ ಗಣಿ ಕಂಪನಿಗೆ ಕಳಿಸಿದ್ದೇನೆ, ಊರಿನ ಗೋಡೆಗಳಿಗೂ ಅಂಟಿಸಿದ್ದೇನೆ.

ಆದ್ದರಿಂದ ನಮಗೆ ಹಾಕಿದ ಕಾನೂನಿನಂತೆಯೇ ಪಾತ್ರೆಪಗಡ ಕಟ್ಟಿಕೊಂಡು ಮನೆ ಖಾಲಿ ಮಾಡಿ. ಅಯ್ಯೋ, ಅದು ಅದಿರಲ್ಲ ಎನ್ನುವುದಾದರೆ, ನಮ್ಮ ಗುಂಡಿಯ ಅಂಚಿಗೆ ಬಂದು ಬೀದಿಯವರೆಲ್ಲರ ಎದುರು “ಅದು ನನ್ನ ಜೀಪು” ಎಂದು ಗಟ್ಟಿಯಾಗಿ ಹೇಳಿ, ಒಲೆ ಕಟ್ಟಿಸಿಕೊಡಿ. ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಆಕೆಗೆ ಕೇಳಿಸುವವರೆಗೂ ನಿಮ್ಮಿಂದ ಹೇಳಿಸುತ್ತೇನೆ.

ಇಂತಿ,
ತಾವು ತೋಡಿಸಿದ ಬರಿಗುಂಡಿಯ ಏಕೈಕ ಒಡತಿ