ನಮ್ಮ ಮೋಟಾರ್ ಓಡಿದರೆ ಮಗಳ ಬಸ್ಸು ನಿಲ್ಲುತ್ತದೆ

(ವಿದ್ಯುತ್ ಸರಬರಾಜು ಕಂಪನಿಯ ಮುಖ್ಯಸ್ಥರಿಗೆ, ಹನೂರು ಸೀಮೆಯಿಂದ)

ಮಾನ್ಯರೇ,

ನನಗೆ ಭಯವಾಗಿದೆ. ಪತ್ರವನ್ನು ಕ್ಷೇಮ ಸಮಾಚಾರದಿಂದ ಶುರು ಮಾಡಬೇಕೆಂದು ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದವಳು ನಾನು. ಈಗ ಕ್ಷೇಮವೇ ಇಲ್ಲದ್ದರಿಂದ ಆ ಸಾಲು ಬಿಟ್ಟಿದ್ದೇನೆ. ಕೊಳ್ಳೇಗಾಲದಿಂದ ಬರುವ ಎಲೆಕ್ಟ್ರಿಕ್ ಬಸ್ಸುಗಳು ಬೆಟ್ಟ ಹತ್ತುವ ಮುಂಚೆ ಚಾರ್ಜ್ ತುಂಬಿಸಿಕೊಳ್ಳಲೆಂದು ಹನೂರಿನ ಹೊರಗೆ ಒಂದು ಶೆಡ್ ಇದೆಯಲ್ಲ, ಅದನ್ನೂ ನಮ್ಮ ಹೊಲಗಳ ಪಂಪ್‌ಸೆಟ್ಟುಗಳನ್ನೂ ನೀವು ಒಂದೇ ಸಬ್‌ಸ್ಟೇಷನ್ನಿನ ಒಂದೇ ಟ್ರಾನ್ಸ್‌ಫಾರ್ಮರಿಗೆ ನೇತುಹಾಕಿದ್ದೀರಿ. ಮಧ್ಯಾಹ್ನ ಹೊಲಗಳಿಗೆ ಪಂಪು ಓಡಿಸುವ ತ್ರೀ ಫೇಸ್ ಕರೆಂಟು ಬಿಟ್ಟ ಕೂಡಲೇ ವೋಲ್ಟೇಜ್ ಕುಸಿದು ಅಲ್ಲಿ ಚಾರ್ಜಿಂಗ್ ನಿಲ್ಲುತ್ತದೆ. ಹೀಗೆ ಅರೆಹೊಟ್ಟೆಯಲ್ಲಿ ಹೊರಟ ಬಸ್ಸು ಸಂಜೆ ಮಲೆ ಮಹದೇಶ್ವರ ಬೆಟ್ಟದ ಘಾಟಿ ಹತ್ತಬೇಕು. ಆ ಬಸ್ಸಿನಲ್ಲಿ ನನ್ನ ಮಗಳು ದಿವ್ಯ ಇರುತ್ತಾಳೆ. ಬೆಟ್ಟದ ಆಸ್ಪತ್ರೆಯಲ್ಲಿ ಅವಳು ನರ್ಸು, ರಾತ್ರಿ ಪಾಳಿ. ಒಂದಲ್ಲ ಒಂದು ಸಂಜೆ ಅವಳು ಬೆಟ್ಟ ತಲುಪುವುದಿಲ್ಲ ಎಂಬ ಭಯ ನನ್ನನ್ನು ಹಿಡಿದುಕೊಂಡಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಕರೆಂಟ್ ಬಸ್ಸಿನ ವಿರೋಧಿಯಲ್ಲ. ಹಳೆಯ ಡೀಸೆಲ್ ಬಸ್ಸಿನಲ್ಲಿ ತಾಳಬೆಟ್ಟ ದಾಟುವಷ್ಟರಲ್ಲಿ ಹೊಟ್ಟೆ ತೊಳಸಿ, ನಿಂಬೆಹಣ್ಣು ಮೂಸುತ್ತಾ, ಕಿಟಕಿ ಪಕ್ಕದ ಸೀಟಿಗೆ ಜಗಳ ಆಡುತ್ತಾ ಹೋಗುತ್ತಿದ್ದವರು ನಾವು. ಹೊಸ ಬಸ್ಸು ಬಂದ ದಿನ ಹೊಗೆಯಿಲ್ಲ, ಸದ್ದಿಲ್ಲ, ತಣ್ಣನೆಯ ಗಾಳಿ ಬೇರೆ. ನಾನು ಚಿಕ್ಕ ಹುಡುಗಿಯ ಹಾಗೆ ಹಿಗ್ಗಿದೆ. ನೀವೂ ಬಂದಿದ್ದಿರಿ. ಬಸ್ಸಿಗೆ ಬಾಳೆಕಂದು ಕಟ್ಟಿಸಿ, ಬೂದುಗುಂಬಳ ಒಡೆಸಿ, ಹಸಿರು ಬಾವುಟ ಬೀಸಿದಿರಿ. ಈ ಬಸ್ಸುಗಳ ಬೆನ್ನಿಗೆ ನಮ್ಮ ಕಂಪನಿ ಇದೆ ಎಂದು ಮೈಕಿನಲ್ಲಿ ಹೇಳಿದಿರಿ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಆಮೇಲೆ ಬಸ್ಸಿನಲ್ಲಿ ಸರ್ಕಲ್ಲಿನ ತನಕ ಬಂದು, ಅಲ್ಲಿ ಇಳಿದು, ನಿಮ್ಮ ಡೀಸೆಲ್ ಜೀಪು ಹತ್ತಿ ಹೊರಟುಹೋದಿರಿ. ಪಾಪ, ಏನೋ ಅವಸರ ಇರಬೇಕು ಅಂದುಕೊಂಡಿದ್ದೆ. ಈಗ ಅದು ಜಾಣತನ ಎಂದು ಗೊತ್ತಾಗಿದೆ.

ಹೋದ ತಿಂಗಳು ಅಮಾವಾಸ್ಯೆಯ ಹಿಂದಿನ ಸಂಜೆ ನಡೆದದ್ದನ್ನು ಕೇಳಿ. ಬಸ್ಸಿನ ತುಂಬ ಅಮಾವಾಸ್ಯೆ ಪೂಜೆಗೆಂದು ಬೆಟ್ಟಕ್ಕೆ ಹೊರಟ ಜನ, ನಡುವೆ ದಿವ್ಯ. ಅವತ್ತಿನ ಡ್ರೈವರ್ ದೇವರಾಜು ನಮ್ಮ ಪಕ್ಕದೂರಿನವರು, ಆಮೇಲೆ ನನ್ನೆದುರು ತಲೆ ತಗ್ಗಿಸಿ ನಿಂತು ಹೇಳಿದರು: "ಚಾರ್ಜು ಕಮ್ಮಿ ಅದೆ ಅಂತ ಗೊತ್ತಿತ್ತು ಕಣ್ರಿ ಟೀಚರಮ್ಮ. ಜನ ಗಂಟುಮೂಟೆ ತಕಂಡು ಬಾಗ್ಲಲ್ಲೇ ನಿಂತವ್ರೆ. ಓಗಕಿಲ್ಲ ಅಂದ್ರೆ ಬುಟ್ಟಾರಾ? ಎಂಗೋ ಅತ್ಕಂಡ್ಬುಡ್ತದೆ ಅಂದ್ಕಂಡೆ."

ಹತ್ತಲಿಲ್ಲ. ಕಾಡಿನೊಳಗೆ ತಿರುವುಗಳು ಶುರುವಾದ ಮೇಲೆ ಬಸ್ಸು ನಿಧಾನವಾಯಿತು. ದೇವರಾಜು ಎಸಿ ನಿಲ್ಲಿಸಿದರು, ಒಳಗಿನ ದೀಪ ಆರಿಸಿದರು. ಆದರೂ ಒಂದು ಏರಿನ ನಡುವೆ ಬಸ್ಸು ನಿಂತೇಬಿಟ್ಟಿತು. ಒಂದು ಕಡೆ ಪ್ರಪಾತ. ಹಿಂದಕ್ಕೆ ಜಾರದಿರಲೆಂದು ಕಂಡಕ್ಟರ್ ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಿದ್ದಾಗ ಮುಂದಿನ ತಿರುವಿನಲ್ಲಿ ಬಿದಿರು ಮುರಿಯುವ ಸದ್ದು ಕೇಳಿಸಿತು. ಅವರು ಒಳಗೆ ಓಡಿಬಂದು ಬಾಗಿಲು ಹಾಕಿಕೊಂಡರು. ಆನೆಯೊಂದು ಮರಿಯನ್ನು ಕರೆದುಕೊಂಡು ರಸ್ತೆಗೆ ಇಳಿದಿತ್ತು.

ಮಗಳ ಪಕ್ಕದಲ್ಲಿ ಕೂತಿದ್ದ ಚಿಕ್ಕನಿಂಗಮ್ಮ ಎಂಬ ಅಜ್ಜಿ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಅಪ್ಪಾ ಮಾದಪ್ಪಾ, ನಿನ್ ತಾವ್ಕೇ ಬತ್ತಾ ಇದ್ದೀವಲ್ಲಪ್ಪಾ, ದಾರೀಲಿ ಕೈ ಬುಡ್ಬ್ಯಾಡ" ಎಂದು ಗೊಣಗುತ್ತಿದ್ದರಂತೆ. ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ. ಇಲ್ಲಿ ಮನೆಯಲ್ಲಿ, 'ತಲುಪಿದೆ ಅವ್ವ' ಎಂಬ ಕರೆಗೆ ಕಾಯುತ್ತಾ ನಾನು ಒಲೆಯ ಮೇಲಿಟ್ಟ ಅನ್ನ ಸೀದದ್ದೂ ಗೊತ್ತಾಗದೆ ಕೂತಿದ್ದೆ. ನನ್ನ ಗಂಡ ರಸ್ತೆಗೆ ಹೋಗಿ, ಬೆಟ್ಟದ ಕಡೆಯಿಂದ ಬರುವ ಒಂದೊಂದು ಗಾಡಿಗೂ ಕೈ ಅಡ್ಡ ಹಾಕುತ್ತಿದ್ದರು. ಕೊನೆಗೆ ಆನೆ ತಾನಾಗಿಯೇ ಕಾಡಿಗೆ ಇಳಿಯಿತು, ಗಸ್ತಿನ ಜೀಪಿನಲ್ಲಿ ಬಂದ ಅರಣ್ಯ ಇಲಾಖೆಯವರು ಜನರನ್ನು ಒಂದು ಗೂಡ್ಸ್ ಗಾಡಿಯಲ್ಲಿ ಮೇಲಕ್ಕೆ ಸಾಗಿಸಿದರು. ದಿವ್ಯ ಫೋನ್ ಮಾಡಿ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಬಸ್ಸು ನಿಂತಿದ್ದೇ ಗೊತ್ತಾಗ್ನಿಲ್ಲ ಕಣವ್ವ. ಸದ್ದೇ ಮಾಡಕಿಲ್ವಲ್ಲ ಅದು. ಆನೆ ಉಸ್ರು ಬುಡೋದು ಕೇಳುಸ್ತಿತ್ತು."

ನಿಮ್ಮ ಕಚೇರಿಗೆ ಬಂದೆ. ನಿಮ್ಮ ಅಧಿಕಾರಿಯೊಬ್ಬರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಟೀ ತರಿಸಿಕೊಟ್ಟು, "ಏನೂ ಆಗಲಿಲ್ಲವಲ್ಲ ಮೇಡಂ" ಎಂದರು. ನಿಜ, ಏನೂ ಆಗಲಿಲ್ಲ. ಬಸ್ಸು ಹಿಂದಕ್ಕೆ ಜಾರಲಿಲ್ಲ, ಆನೆ ಮುಂದಕ್ಕೆ ಬರಲಿಲ್ಲ. ಏನಾದರೂ ಆದ ಮೇಲೆ ಬರಬೇಕಿತ್ತು ನಾನು, ತಪ್ಪಾಯಿತು. ಆಗ ನೀವೇ ನಮ್ಮ ಮನೆಗೆ ಬರುತ್ತಿದ್ದಿರಿ, ಹೂವಿನ ಹಾರದೊಂದಿಗೆ. ಮೀಟರ್ ತನಕ ಮಾತ್ರ ನಮ್ಮ ಜವಾಬ್ದಾರಿ ಎಂದೂ ಅವರು ತಿಳಿಸಿಕೊಟ್ಟರು. ಬಸ್ಸಿನವರನ್ನು ಕೇಳಿದರೆ ಪ್ಲಗ್ಗಿನಿಂದ ಈಚೆಗೆ ಮಾತ್ರ ನಮ್ಮದು ಅನ್ನುತ್ತಾರೆ. ಹಾಗಾದರೆ ಮೀಟರಿಗೂ ಪ್ಲಗ್ಗಿಗೂ ನಡುವೆ ಸಿಕ್ಕಿಕೊಂಡಿರುವ ನನ್ನ ಮಗಳು ಯಾವ ಇಲಾಖೆಗೆ ಸೇರಿದವಳು, ಮಾನ್ಯರೇ? ಬಸ್ಸು ತರಿಸುವ ಮುಂಚೆ ಎರಡೂ ಕಡೆಯವರು ಒಂದು ದಿನ ಒಟ್ಟಿಗೆ ಕೂತು, ಎಷ್ಟು ಕರೆಂಟು ಬೇಕು, ಯಾವ ಹೊತ್ತಿಗೆ ಬೇಕು ಎಂದು ಮಾತಾಡಲಿಲ್ಲವೇ? ಮದುವೆಗೆ ಊರೆಲ್ಲ ಕರೆದು ಆಮೇಲೆ ಒಲೆ ಎಲ್ಲಿದೆ ಎಂದು ಹುಡುಕಿದ ಹಾಗಾಯಿತು.

ಕಾರಣ ತಿಳಿಯಲೆಂದು ಒಂದು ಮಧ್ಯಾಹ್ನ ಶೆಡ್ಡಿಗೇ ಹೋದೆ. ಅಲ್ಲಿ ಕೆಲಸ ಮಾಡುವ ಬಸವೇಶ ನನ್ನ ಹಳೆಯ ವಿದ್ಯಾರ್ಥಿ. "ವಸಿ ಇರಿ ಟೀಚರಮ್ಮ, ಈಗ ತ್ರೀ ಫೇಸ್ ಬತ್ತದೆ, ನೀವೇ ನೋಡಿ" ಎಂದ. ಬಂತು. ಸುತ್ತಲಿನ ಹೊಲಗಳಲ್ಲಿ ಟಕ್ ಟಕ್ ಎಂದು ಸದ್ದು ಎದ್ದಿತು. ನಮ್ಮಲ್ಲಿ ಎಲ್ಲರ ಮೋಟಾರಿಗೂ ಆಟೋ ಇದೆ, ಅಂದರೆ ಕರೆಂಟು ಬಂದ ತಕ್ಷಣ ತಾನೇ ಮೋಟಾರ್ ಎಬ್ಬಿಸುವ ಪೆಟ್ಟಿಗೆ. ನೀವು ಯಾವ ಹೊತ್ತಿಗೆ ಕರೆಂಟು ಬಿಡುತ್ತೀರೆಂದು ಮಾದಪ್ಪನಿಗೂ ಗೊತ್ತಾಗದ ಕಾರಣ, ಹಗಲೂ ರಾತ್ರಿ ಹೊಲದಲ್ಲಿ ಕಾಯಲಾರದೆ ಜನ ಅದನ್ನು ಹಾಕಿಸಿಕೊಂಡಿದ್ದಾರೆ. ಅಷ್ಟೂ ಮೋಟಾರುಗಳು ಒಂದೇ ಸಲಕ್ಕೆ ಎದ್ದವು. ಶೆಡ್ಡಿನ ಚಾರ್ಜರಿನಲ್ಲಿ ಹಸಿರು ದೀಪ ಆರಿ ಕೆಂಪು ಹತ್ತಿಕೊಂಡಿತು. ಬಸವೇಶ ಮತ್ತೆ ಮತ್ತೆ ಹಾಕಿದ, ಅದು ಮತ್ತೆ ಮತ್ತೆ ಟ್ರಿಪ್ ಆಯಿತು. ಆ ಸದ್ದುಗಳ ನಡುವೆ ಏಳುವಾಗ ಕೆಮ್ಮುವ ಒಂದು ಹಳೆಯ ಮೋಟಾರ್ ಇತ್ತು. ಅದು ನಮ್ಮದು.

ಮನೆಗೆ ಬಂದು ಗಂಡ ಸಿದ್ದಮಲ್ಲಪ್ಪನವರಿಗೆ ಹೇಳಿದೆ, "ಆ ಆಟೋ ಬುಚ್ಚಾಕಿ." ಅವರಿಗೆ ಸಿಟ್ಟು ಬಂತು. "ನಾನೊಬ್ಬ ಬುಚ್ಚುದ್ರೆ ಆಯ್ತಾ ಅಮ್ಮಿ? ಸುತ್ತ ಅಷ್ಟೂ ಮೋಟ್ರು ಓಡ್ತಾವಲ್ಲ, ಅವ್ರಿಗ್ಯಾರು ಏಳಾರು? ಅರಿಶ್ಣದ ಪೈರು ಒಣ್ಗುಸ್ಲಾ?" ಎಂದು ಎದ್ದುಹೋದರು. ಬೆಳಗ್ಗೆ ನೋಡಿದರೆ ಆಟೋ ಬಿಚ್ಚಿ ಜಗಲಿಯ ಮೇಲೆ ಇಟ್ಟಿದ್ದರು. ಪಕ್ಕದ ಹೊಲದ ಸದಾಶಿವಪ್ಪನವರನ್ನು ಕೇಳಿಕೊಂಡೆವು. ಅವರು ಮುಖ ಸಿಂಡರಿಸದೆಯೇ, "ನಿಮ್ಮಗ್ಳು ಬಸ್ಸಲ್ಲಿ ಓಯ್ತಾಳೆ, ನೀವು ನಿಲ್ಸಿ. ನನ್ ಕಬ್ಬು ಎಲ್ಗೂ ಓಗಕಿಲ್ಲ, ಅದ್ಕೆ ಇಲ್ಲೇ ನೀರು ಬೇಕು" ಎಂದರು. ಅವರ ಮಾತಿನಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ರೈತನಿಗೂ ಪ್ರಯಾಣಿಕಳಿಗೂ ಜಗಳ ಹಚ್ಚಿ ದೂರ ನಿಂತು ನೋಡುತ್ತಿರುವವರು ನೀವು.

ನನ್ನ ಬೇಡಿಕೆ ದೊಡ್ಡದಲ್ಲ. ಶೆಡ್ಡಿಗೆ ಅದರದೇ ಟ್ರಾನ್ಸ್‌ಫಾರ್ಮರ್, ಅದರದೇ ಲೈನು ಕೊಡಿ. ಅದಕ್ಕೆ ಟೆಂಡರು, ಮಂಜೂರಾತಿ ಎಂದು ಕಾಲ ಹಿಡಿಯುತ್ತದೆ ಅನ್ನುವಿರಿ, ಒಪ್ಪಿದೆ. ಅಲ್ಲಿಯ ತನಕ ಸಂಜೆಯ ಬಸ್ಸು ಚಾರ್ಜ್ ಆಗುವ ಹೊತ್ತಿನಲ್ಲಿ ಹೊಲಗಳಿಗೆ ತ್ರೀ ಫೇಸ್ ಬಿಡಬೇಡಿ, ಬೆಳಗ್ಗೆ ಬಿಡಿ. ಎಲ್ಲ ಊರುಗಳಿಗೂ ಒಟ್ಟಿಗೆ ಬಿಡದೆ ಸರದಿಯ ಮೇಲೆ ಬಿಡಿ. ಹೊತ್ತನ್ನು ಮುಂಚೆಯೇ ತಿಳಿಸಿ ಅದಕ್ಕೆ ತಪ್ಪದೆ ನಡೆದುಕೊಂಡರೆ ಆಟೋವನ್ನು ಎಲ್ಲರೂ ತಾವಾಗಿಯೇ ಬಿಚ್ಚುತ್ತಾರೆ. ಕರೆಂಟು ಕೈಕೊಟ್ಟ ದಿನಕ್ಕೆಂದು ಶೆಡ್ಡಿನಲ್ಲಿ ದೊಡ್ಡ ಬ್ಯಾಟರಿ ಇಡಿಸಿ. ಚಾರ್ಜ್ ಸಾಲದಿದ್ದರೆ ಬಸ್ಸು ಬಿಡಬಾರದು ಎಂದು ಬಸ್ಸಿನವರ ಜೊತೆ ಕೂತು ಗಟ್ಟಿ ಮಾಡಿಕೊಳ್ಳಿ, ದೇವರಾಜುವಿನ ತಲೆಗೆ ಕಟ್ಟಬೇಡಿ. ಯಳಂದೂರಿನ ಕಡೆಗೂ ಈ ಬಸ್ಸು ಬರುತ್ತದಂತೆ. ಅಲ್ಲಿಯಾದರೂ ಬಾಳೆಕಂದು ಕಟ್ಟುವ ಮುಂಚೆ ಲೈನು ಎಳೆಯಿರಿ.

ಅಮಾವಾಸ್ಯೆ ಮತ್ತೆ ಹತ್ತಿರ ಬಂದಿದೆ. ಅದರ ಹಿಂದಿನ ಸಂಜೆ ಈ ಸಲವೂ ದಿವ್ಯಳಿಗೆ ಪಾಳಿ ಇದೆ. ಈಗ ದಿನಾ ಮಧ್ಯಾಹ್ನ ತ್ರೀ ಫೇಸ್ ಬಂದ ಕೂಡಲೇ ನನ್ನ ಗಂಡ ಸ್ಟಾರ್ಟರಿನ ಮುಂದೆ ನಿಂತು ಹೊಲದಿಂದ ಫೋನ್ ಮಾಡುತ್ತಾರೆ. "ಆಕ್ಲಾ ಅಮ್ಮಿ?" ಅವರ ಕಣ್ಣೆದುರು ಬಾಡುತ್ತಿರುವ ಅರಿಶಿಣ, ನನ್ನ ಕಣ್ಣೆದುರು ಏರಿನಲ್ಲಿ ದೀಪ ಆರಿಸಿಕೊಂಡು ನಿಂತ ಬಸ್ಸು. ಬೇಡ ಅನ್ನುತ್ತೇನೆ. ಹಾಗೆ ಅನ್ನುವಾಗ ಸುತ್ತಲಿನ ಮೋಟಾರುಗಳೆಲ್ಲ ಓಡುತ್ತಿರುವ ಸದ್ದು ಫೋನಿನಲ್ಲಿ ಕೇಳುತ್ತಿರುತ್ತದೆ. ನಾನು ಬೇಡ ಅಂದದ್ದರಿಂದ ಅರಿಶಿಣ ಒಣಗಿತೇ ಹೊರತು ಮಗಳು ಉಳಿದಳೆಂಬ ಧೈರ್ಯ ಒಂದು ದಿನವೂ ಬಂದಿಲ್ಲ. ಗಂಡನ ಈ ಪ್ರಶ್ನೆಗೆ ಉತ್ತರ ಹೇಳುವ ಶಕ್ತಿ ಇನ್ನು ನನ್ನಲ್ಲಿ ಇಲ್ಲ. ಅದಕ್ಕೇ ಅಮಾವಾಸ್ಯೆಯ ಹಿಂದಿನ ಮಧ್ಯಾಹ್ನಕ್ಕೆಂದು ನನ್ನ ಗಂಡನಿಗೆ ನಿಮ್ಮ ನಂಬರ್ ಕೊಟ್ಟಿದ್ದೇನೆ. ದಯವಿಟ್ಟು ಫೋನ್ ಎತ್ತಿ. ಹಾಕಲೋ ಬೇಡವೋ, ನೀವೇ ಹೇಳಿ.

ಇಂತಿ,
ಹೊಲವನ್ನೂ ಮಗಳನ್ನೂ ನಿಮ್ಮ ಒಂದೇ ಟ್ರಾನ್ಸ್‌ಫಾರ್ಮರಿಗೆ ಒಪ್ಪಿಸಿ ಕೂತಿರುವ
ಶಿವರತ್ನಮ್ಮ
ನಿವೃತ್ತ ಕನ್ನಡ ಶಿಕ್ಷಕಿ, ಹನೂರು ಸೀಮೆ