ಮೇಲಿನ ಎರಡು ಕೋಟು

ಕ್ರಿ.ಶ. 2311, ಎರಡನೇ ಬೇಸಿಗೆಯ ನಲವತ್ತೊಂದನೇ ದಿನ
ಬಿಡಿಸುಮನೆ, ಹಳೇ ಮೋಟಾರುಗುಡ್ಡ

ತಂತಿ ಕಾರ್ಖಾನೆಯ ಲೇಪನ ವಿಭಾಗದ ಮೇಲ್ವಿಚಾರಕರಾದ ಶ್ರೀ ಪುಟ್ಟಮಾದಯ್ಯನವರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಇಂಥ ತಾರೀಖು ಇರಲಿಲ್ಲವೆಂದು ಬಲ್ಲೆ. ನಮಗೆ ವರ್ಷಕ್ಕೆ ಎರಡು ಬೇಸಿಗೆ, ನಡುವೆ ಹೆಸರಿಗೊಂದು ಮಳೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ. ಮುಂದೆ ಬರೆಯುವುದಕ್ಕೆ ಕೇಳುವುದಿಲ್ಲ.

ನನ್ನ ಹೆಸರು ದೇವೀರಮ್ಮ. ನಾನು ಇಲ್ಲಿಯ ಮೂಸಾಳು. ಹಾಗೆಂದರೆ ಮೂಸಿ ಹೇಳುವವಳು. ನಮ್ಮ ಕಾಲದಲ್ಲಿ ನೆಲದಿಂದ ತಾಮ್ರ ತೆಗೆಯುವುದಿಲ್ಲ, ತೆಗೆಯಲು ಉಳಿದಿಲ್ಲ. ನೀವು ಎಸೆದುಹೋದ ಫ್ಯಾನು, ಪಂಪು, ಟ್ರಾನ್ಸ್‌ಫಾರ್ಮರುಗಳ ಗುಡ್ಡವೇ ನಮ್ಮ ಗಣಿ. ಅಗೆದು ತಂದ ತಂತಿಗೆ ನೀವು ಬಳಿದ ರಾಳ ಅಂಟಿಕೊಂಡಿರುತ್ತದೆ. ಎಷ್ಟು ಕಾದರೂ ಕರಗಬಾರದೆಂದು ಬಳಿದದ್ದಲ್ಲವೇ? ಕರಗುವುದಿಲ್ಲ. ಕೊಳೆಯುವುದೂ ಇಲ್ಲ. ಇನ್ನೂರೆಂಬತ್ತು ವರ್ಷ ಕೊಚ್ಚೆಯಲ್ಲಿ ಮುಳುಗಿದ್ದ ತಂತಿ ನಿನ್ನೆ ಬಳಿದಂತೆ ಮಿರಮಿರ ಹೊಳೆಯುತ್ತದೆ. ಅದನ್ನು ಬಿಡಿಸಿ ತಾಮ್ರ ತೆಗೆಯುವುದೇ ನಮ್ಮ ಕಸುಬು, ಬಿಡಿಸುವ ಮನೆಯೇ ಬಿಡಿಸುಮನೆ.

ರಾಳದಲ್ಲಿ ಎರಡು ಬಗೆ. ಒಳ್ಳೆಯದು ಕುದಿಯುವ ಕ್ಷಾರದ ಹಂಡೆಯಲ್ಲಿ ಪೊರೆಯಂತೆ ಏಳುತ್ತದೆ, ಪಕ್ಕದಲ್ಲಿ ನಿಂತು ಕೋಲಿನಿಂದ ತಿರುವಬಹುದು. ಕೆಟ್ಟದ್ದು ಹಂಡೆಗೆ ಬಿದ್ದರೆ ವಿಷದ ಹೊಗೆ ಕಾರುತ್ತದೆ. ಅದು ಬಾಗಿಲು ಮುಚ್ಚಿದ ಕುಲುಮೆಗೇ ಹೋಗಬೇಕು. ಯಾವುದು ಯಾವುದೆಂದು ಹೇಳುವುದು ನನ್ನ ಮೂಗು. ತಂತಿಯ ತುದಿಯನ್ನು ದೀಪಕ್ಕೆ ಒಂದು ಚಣ ಹಿಡಿದು ಮೂಸುತ್ತೇನೆ. ಕೆಟ್ಟದ್ದಾದರೆ ಕೊಳೆತ ಮೀನಿನ ನಾತ. ಒಳ್ಳೆಯದಾದರೆ ಸುಟ್ಟ ಕೂದಲಿನ ವಾಸನೆ. ಮೂಸಾಳು ಒಮ್ಮೆ ಹೇಳಿದ ಮೇಲೆ ಯಾರೂ ಎರಡನೇ ಸಲ ಕೇಳುವುದಿಲ್ಲ, ಅದು ಇಲ್ಲಿಯ ಪದ್ಧತಿ. ಮನೆಗೆ ಹೋಗಿ ಎಷ್ಟು ಸೀಗೆ ಉಜ್ಜಿದರೂ ನನ್ನ ಮೈಯಿಂದ ನಿಮ್ಮ ಕಾಲದ ನಾತ ಹೋಗುವುದಿಲ್ಲ. ಅನ್ನಕ್ಕೂ ಅದೇ ವಾಸನೆ, ಹಾಸಿಗೆಗೂ ಅದೇ. ಥೂ.

ಹೋದ ಬೇಸಿಗೆಯಲ್ಲಿ ಅಗೆಯುವವರಿಗೆ ಒಂದು ಉಗ್ರಾಣವೇ ಸಿಕ್ಕಿತು. ಬಿಚ್ಚದ ತಂತಿಯ ಡ್ರಮ್ಮುಗಳು, ಒಂದೊಂದರ ಮೇಲೂ ಚೀಟಿ: ಇನ್ನೂರು ಡಿಗ್ರಿ ತಾಳುತ್ತದೆ, ಲೇಪನ ಮೇಲ್ವಿಚಾರಕ ಪುಟ್ಟಮಾದಯ್ಯ. ನಾನು ತುದಿ ಸುಟ್ಟು ಮೂಸಿದೆ. ಸುಟ್ಟ ಕೂದಲು. ಹಂಡೆಗೆ ಹಾಕಿ ಎಂದೆ. ತಿರುವಲು ನಿಂತವಳು ನನ್ನಕ್ಕ ಕೆಂಪಾಜಮ್ಮ. ಮೇಲಿನ ಪೊರೆ ಎದ್ದಿತು, ಅದರ ಕೆಳಗಿನದು ಬುಸ್ಸೆಂದಿತು. ಮೀನಿನ ನಾತ ನನ್ನ ಮೂಗಿಗೆ ಬಡಿಯುವಷ್ಟರಲ್ಲಿ ಅಕ್ಕ ಗಂಟಲು ಹಿಡಿದುಕೊಂಡು ನೆಲಕ್ಕೆ ಬಿದ್ದಿದ್ದಳು.

ಜೀವ ಉಳಿಯಿತು, ದನಿ ಹೋಯಿತು. ಎಂಥ ದನಿ ಗೊತ್ತೇ ನಿಮಗೆ? ಅವಳು ಮನೆಯಲ್ಲಿ ಬೈದರೆ ಮೂರನೇ ಕೇರಿಯವರು ಹೊರಗೆ ಬಂದು ನೋಡುತ್ತಿದ್ದರು. ಈಗ ಕೊರಳಿಗೊಂದು ಸ್ಲೇಟು ಕಟ್ಟಿಕೊಂಡು ಅದರ ಮೇಲೆ ಬರೆದು ಬೈಯುತ್ತಾಳೆ. ಒರೆಸಿ ಮತ್ತೆ ಬರೆಯುವಷ್ಟರಲ್ಲಿ ಸಿಟ್ಟೇ ಆರಿಹೋಗಿರುತ್ತದೆ, ಕಣ್ಣಲ್ಲಿ ನೀರು ತುಂಬಿರುತ್ತದೆ.

ಅದೇ ಡ್ರಮ್ಮಿನ ಟೊಳ್ಳಿನಲ್ಲಿ ನಿಮ್ಮ ಕೈಬರಹದ ಕಾಗದ ಸಿಕ್ಕಿತು, ಪಾಳಿಯ ಯಾರಿಗೋ ಬರೆದದ್ದು: “ಒಳ್ಳೇ ರಾಳ ಸಾಲದು. ಒಳಗಿನ ಎಂಟು ಕೋಟು ಹಳೇದ್ರಲ್ಲೇ ಹೊಡಿ, ಮೇಲೆರಡು ಮಾತ್ರ ಹೊಸದು. ಪರೀಕ್ಷೆ ಮಾಡೋರು ಮೇಲ್ಮೇಲೆ ನೋಡ್ತಾರೆ. ಬಾಯಿ ಬಿಡಬೇಡ.” ಕೆಳಗೆ ದೊಡ್ಡ ಸಹಿ. ಅಲ್ಲಾ ಸ್ವಾಮಿ, ಹೊಟ್ಟೆಗೆ ಏನು ತಿನ್ನುತ್ತಿದ್ದಿರಿ ನೀವು? ಆ ಸಹಿಯ ಕೆಳಗೆ ಎಳೆದ ಗೆರೆಯನ್ನು ನೋಡಿದರೇ ನನಗೆ ಅಸಹ್ಯವಾಗುತ್ತದೆ. ಅದನ್ನು ಗೋಡೆಗೆ ಅಂಟಿಸಿ ಬಂದವರಿಗೆಲ್ಲ ತೋರಿಸಿದೆ, ನಿಮ್ಮ ಹೆಸರು ಹೇಳಿ ಉಗಿದೆ, ಉಗಿಸಿದೆ.

ಈ ಕಾಗದವನ್ನು ಅಲ್ಲಿಗೇ ಮುಗಿಸಬೇಕೆಂದಿದ್ದೆ. ಮುಗಿಸಲು ಬಿಡದ ಸಂಗತಿಯೊಂದಿದೆ.

ಬಿಡಿಸಿದ ತಾಮ್ರದಿಂದ ನಾವೂ ಹೊಸ ತಂತಿ ಎಳೆಯುತ್ತೇವೆ. ಗೇರುಸಿಪ್ಪೆಯ ಎಣ್ಣೆ ಕಾಯಿಸಿ ರಾಳ ಮಾಡಿ, ತಂತಿಯನ್ನು ಅದರಲ್ಲಿ ಅದ್ದಿ, ಕುಲುಮೆಯಲ್ಲಿ ಹಾಯಿಸಿ, ಹೀಗೆ ಹತ್ತು ಸಲ. ಹೊಳೆಯಾಚೆಯ ಕೇರಿಗೆ ನೀರೆತ್ತುವ ಮೋಟಾರು ಸುತ್ತಲು ಹದಿಮೂರು ಡ್ರಮ್ಮು ಕೇಳಿದ್ದಾರೆ. ಗೇರೆಣ್ಣೆ ನಡುವಿನಲ್ಲೇ ಮುಗಿಯಿತು. ಗುಡ್ಡದಲ್ಲಿ ಸಿಕ್ಕ ನಿಮ್ಮ ಕಾಲದ ಕೆಟ್ಟ ರಾಳದ ಗಸಿ ಮಾತ್ರ ಪೀಪಾಯಿಗಟ್ಟಲೆ ಇತ್ತು. ಬಿಡಿಸುಮನೆಯ ಯಜಮಾನ ಬಸವಲಿಂಗಣ್ಣ ತಲೆ ಕೆರೆದುಕೊಂಡು ನಿಂತು, “ಮೇಲೆರಡು ಕೋಟು ಒಳ್ಳೇದು ಹೊಡಿ ಸಾಕು ಕಣಮ್ಮಾ, ದೇವೀರಮ್ಮಾ. ಒಳಗಡೆ ಯಾರು ಬಗೆದು ನೋಡ್ತಾರೆ? ಅಲ್ಲಿ ಜನ ನೀರಿಲ್ದೆ ಕೂತವ್ರೆ,” ಎಂದ.

ಹೊಡೆದೆ. ನಿಮ್ಮ ಕಾಗದ ಅಂಟಿಸಿದ್ದ ಗೋಡೆಯ ಮುಂದೆಯೇ ನಿಂತು, ಹದಿಮೂರು ಡ್ರಮ್ಮಿಗೂ ಹೊಡೆದೆ. ನೀರು ಕೊಡುವ ಕೆಲಸವಲ್ಲವೇ ಎಂದುಕೊಂಡೆ. ನೀವೂ ಏನೋ ಒಂದು ಅಂದುಕೊಂಡಿರಬೇಕು.

ಇವತ್ತು ಮಧ್ಯಾಹ್ನ ಅಕ್ಕ ಬುತ್ತಿ ತಂದಳು. ಮಾತು ಹೋದರೂ ಅವಳ ಮೂಗು ಹೋಗಿಲ್ಲ. ಡ್ರಮ್ಮಿನ ಬಳಿ ನಿಂತಳು, ಉಗುರಿನಿಂದ ತಂತಿಯ ತುದಿಯ ಮೇಲ್ಪೊರೆ ಕೆರೆದಳು, ದೀಪಕ್ಕೆ ಹಿಡಿದಳು, ಮೂಸಿದಳು. ಬುತ್ತಿ ಕೆಳಗಿಟ್ಟು ಸ್ಲೇಟಿನ ಮೇಲೆ ಬರೆದಳು: “ಯಾರ್ ಕೈ ಇದು?” ನಾನು ಬಾಯಿ ಬಿಡಲಿಲ್ಲ. ಅವಳು ಒರೆಸಲೂ ಇಲ್ಲ, ಹಾಗೇ ಎತ್ತಿ ಹಿಡಿದುಕೊಂಡು ನಿಂತಳು. ನಿಮ್ಮ ಮೇಲಿದ್ದ ಅಸಹ್ಯವೆಲ್ಲ ನನ್ನ ಮೈಮೇಲೇ ಬಂದು ಕೂತಿತು.

ಅವಳು ಹೋದ ಮೇಲೆ ಮೊಳೆ ಹಿಡಿದು ಕೂತೆ. ಪ್ರತಿ ಡ್ರಮ್ಮಿನ ಅಂಚಿನ ಮೇಲೂ ಕೆತ್ತಿದೆ: ಒಳಗೆ ಎಂಟು ಕೋಟು ಕೆಟ್ಟದ್ದು, ಮುಂದೆ ಬಿಡಿಸುವಾಗ ಹಂಡೆಗೆ ಹಾಕಬೇಡಿ, ಬಳಿದವಳು ದೇವೀರಮ್ಮ. ನಾಳೆ ಗಾಡಿಗೆ ಏರಿಸುವಾಗ ಬಸವಲಿಂಗಣ್ಣ ಅದನ್ನು ಓದುತ್ತಾನೆ. ನಾಡಿದ್ದಿನಿಂದ ನಾನು ಮೂಸಾಳಾಗಿರುವುದಿಲ್ಲ.

ಪುಟ್ಟಮಾದಯ್ಯನವರೇ, ಕಾಗದ ಹಿಂದಕ್ಕೆ ಹರಿಯುವುದಿಲ್ಲವೆಂದು ಗೊತ್ತು. ಹೇಗಾದರೂ ಕೈಸೇರಿದರೆ ಒಂದೇ ಬೇಡಿಕೆ. ಒಳ್ಳೆಯ ರಾಳ ಇಲ್ಲದಿದ್ದರೆ ಬೇಡ. ಒಂದು ಮೊಳೆ ಹುಡುಕಿಕೊಳ್ಳಿ, ಒಳಗೇನಿದೆಯೆಂದು ಡ್ರಮ್ಮಿನ ಮೇಲೆ ಗೀಚಿ. ಅಕ್ಕನ ದನಿ ಉಳಿಯಲು ಅಷ್ಟು ಸಾಕಾಗುತ್ತಿತ್ತು.

ಗೋಡೆಯ ಮೇಲಿನ ನಿಮ್ಮ ಕಾಗದವನ್ನು ಕೀಳಲಿಲ್ಲ. ನಿಮ್ಮ ಸಹಿಯ ಕೆಳಗೆ ನನ್ನದನ್ನೂ ಹಾಕಿದ್ದೇನೆ.

ದೇವೀರಮ್ಮ