ಪಾಟ್ಲಿ-ಬಿಲ್ವಾರದ ಬದಲು ಒಂದು ಲೆನ್ಸು

ಭೋಸರಿ, ಪುಣೆ
೨೭ ಅಕ್ಟೋಬರ್ ೨೦೦೪, ಬುಧವಾರ

ನಮ್ಮಕ್ಕನ ಮುದ್ದಿನ ಮಗಳು, ನನ್ನ ತಲೆನೋವಿನ ಮೂಲ, ಚಿರಂಜೀವಿ ನೀತಾಳಿಗೆ ಸಿದ್ರಾಮಪ್ಪ ಮಾಮಾನ ಆಶೀರ್ವಾದಗಳು.

ಆರೋಗ್ಯ ಹೇಗಿದೆ? ಆ ಮೇಳಘಾಟದ ಕಾಡಿನಲ್ಲಿ ನೀರು ಕಾಯಿಸಿ ಕುಡಿಯುತ್ತೀಯೋ, ಇಲ್ಲ ಹುಲಿ ಕುಡಿದ ಹಳ್ಳದಲ್ಲೇ ಬಾಯಿ ಹಚ್ಚುತ್ತೀಯೋ? ನಿನ್ನ ಅತ್ತಿ ಶೈಲಾ ಕಳಿಸಿದ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಮುಟ್ಟಿದವೇ? ರೊಟ್ಟಿ ಚೂರಾಗಿದ್ದರೆ ಮೊಸರಲ್ಲಿ ಹಾಕಿ ತಿನ್ನು, ಚೆಲ್ಲಬೇಡ. ನಾನು ಆರಾಮ ಇದ್ದೇನೆ. ನನ್ನ ಬಲಗಾಲಿನ ಮೊಣಕಾಲು ಮಾತ್ರ ಆರಾಮ ಇಲ್ಲ. ಅದಕ್ಕೆ ಕಾರಣ ನೀನು ಮತ್ತು ನಿಮ್ಮವ್ವ. ಹೇಗೆಂದು ಮುಂದೆ ಬರೆಯುತ್ತೇನೆ.

ನಿನ್ನ ಪತ್ರ ಬಂತು. ಪತ್ರವೋ ಅದು, ಡಾಕ್ಟರ ಚೀಟಿಯೋ? ಲೆನ್ಸಿನ ಅಳತೆ ಅಂತ ಮುನ್ನೂರು, ನಾನೂರು, ಎಪ್ಪತ್ತೇಳು, ಬರೀ ಅಂಕಿ. ನಾನು ಊರ ಸಾಲಿಯಲ್ಲಿ ಏಳನೇ ಇಯತ್ತೆಯವರೆಗೆ ಓದಿದವನು. ಗಣಿತದಲ್ಲಿ ಇಡೀ ಕೇಂದ್ರಕ್ಕೆ ಮೊದಲು ಬಂದವನು. ಆ ಕೇಂದ್ರದಲ್ಲಿ ಇದ್ದದ್ದು ನಮ್ಮ ಸಾಲಿ ಒಂದೇ, ಆ ಮಾತು ಬೇರೆ. ಅಂಥ ನನಗೇ ನಿನ್ನ ಲೆಕ್ಕ ತಿಳಿಯಲಿಲ್ಲ ಅಂದರೆ ತಪ್ಪು ಲೆಕ್ಕದಲ್ಲೇ ಇರಬೇಕು. ಗಣಪತಿ ಹಬ್ಬದ ದಿನ ಬೀಗರು ಬಿಜ್ಜರೆಲ್ಲ ಕೂತಾಗ ನಾನು ಮೀಸೆ ತಿರುವಿ, 'ನೀತಾನ ಮದಿವ್ಯಾಗ ಪಾಟ್ಲಿ-ಬಿಲ್ವಾರ ಹಾಕಾಂವ ನಾನು' ಅಂದದ್ದು ನಿಜ. ಸೋದರಮಾವನಾದವನು ಮದುವೆಗೆ ಬಂಗಾರದ ಬಳೆ ಹಾಕುವುದು ನಮ್ಮಲ್ಲಿ ರೂಢಿ, ಅದರಲ್ಲಿ ನನ್ನ ದೊಡ್ಡಸ್ತಿಕೆ ಏನಿಲ್ಲ. ಆದರೆ ನೀನು ಎದ್ದು ನಿಂತು, 'ಮಾಮಾ, ಮದಿವಿ ಯಾವಾಗ ಆಗತದೋ ಏನೋ, ಬಂಗಾರದ ಬದಲಿ ನನಗ ಒಂದ ಲೆನ್ಸ್ ಕೊಡಸು' ಅಂದುಬಿಟ್ಟೆ. ಇಪ್ಪತ್ತು ಮಂದಿ ನನ್ನ ಮುಖವನ್ನೇ ನೋಡುತ್ತಿದ್ದರು. ಹಿಂದೆ ಸರಿಯುವ ಗಂಡಸೇ ನಾನು? 'ಕೊಡಸತೀನಿ, ಪುಣೆದಾಗ ಎಲ್ಲಾಕ್ಕಿಂತ ದೊಡ್ಡದು!' ಅಂದೆ. ಈಗ ನೀನು ಸಣ್ಣದು ಬೇಕು ಅಂತ ಬರೆಯುತ್ತೀ. ಜಗತ್ತಿನಲ್ಲಿ ಎಲ್ಲರೂ ಸೋದರಮಾವನ ಹತ್ತಿರ ದೊಡ್ಡದು ಕೇಳುತ್ತಾರೆ, ನೀನೊಬ್ಬಳು ನನ್ನ ಮರ್ಯಾದೆ ಕಳೆಯಲು ಹುಟ್ಟಿದವಳು.

ಇನ್ನೊಂದು ಸಂಗತಿ ನಿನಗೆ ಬರೆಯಬಾರದು, ಆದರೂ ಬರೆಯುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ. ನವೆಂಬರ್ ಎಂಟಕ್ಕೆ ಚಳಿಗಾಲದ ಕೆಲಸ ಶುರು, ಅಷ್ಟರೊಳಗೆ ಸ್ವಂತ ಲೆನ್ಸ್ ಇಲ್ಲದಿದ್ದರೆ ಕಾಡುಪ್ರಾಣಿಗಳ ಫೋಟೋ ತೆಗೆಯುವ ನಿಮ್ಮ ತಂಡದಲ್ಲಿ ನಿನ್ನ ಜಾಗ ಬೇರೆಯವರಿಗೆ ಹೋಗುತ್ತದೆ ಅಂತ ನೀನು ಬರೆದಿದ್ದೆಯಲ್ಲ, ಆ ಪತ್ರ ನಿಮ್ಮವ್ವನ ಕೈಗೆ ಸಿಕ್ಕಿತು. ಸಂಜೆ ಅಂಗಡಿಗೇ ಬಂದಳು. ನಟ್ಟು ಬೋಲ್ಟಿನ ಗಿರಾಕಿಗಳ ನಡುವೆ ನಿಂತು, 'ಸಿದ್ದ್ಯಾ, ನೀ ದೀಪಾವಳಿ ತನಕ ಸುಮ್ಮ ಹುಡುಕಿಕೋತ ಇರು. ಕೊಡಸೂದಿಲ್ಲ ಅಂತೂ ಅನಬ್ಯಾಡ, ಕೊಡಸಲೂ ಬ್ಯಾಡ. ಜಾಗಾ ಹೋದ್ರ ಹೋಗಲಿ, ಹುಡುಗಿ ಮನೀಗೆ ಬರತಾಳ. ಸೊಲ್ಲಾಪುರದವರು ನೋಡಾಕ ಬರಾವರದಾರ' ಅಂದಳು. ನಿಮ್ಮಪ್ಪ ಹೋದ ಮೇಲೆ ಆಕೆ ನನ್ನನ್ನು ಏನನ್ನೂ ಕೇಳಿದವಳಲ್ಲ. ಹೂಂ ಅಂದೆ. ನಿನಗೂ ಹೂಂ ಅಂದವನು ನಾನೇ. ಎರಡು ಹೂಂಗಳ ನಡುವೆ ಹದಿನೈದು ದಿನದಿಂದ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿದ್ದೇನೆ.

ಹುಡುಕಿದಂತೆ ಮಾಡಿ ಕೊಳ್ಳದೆ ಇರುವುದು ಎಷ್ಟು ಕಷ್ಟ ಅಂತ ಕೊಂಡವರಿಗೆ ಗೊತ್ತಿಲ್ಲ. ಪುಣೆಯ ಕ್ಯಾಂಪ್ ಪೇಟೆಯ ಹತ್ತಿರ ಒಂದು ಕ್ಯಾಮೆರಾ ಅಂಗಡಿ ಇದೆ, ಮಾಲಕ ಮೋಹನದಾಸ್ ಅಂತ, ಉಡುಪಿ ಕಡೆಯವರು. ತಂದೆ ಹೋಟೆಲ್ ಇಟ್ಟಿದ್ದರಂತೆ, ಮಗ ಇಡ್ಲಿ ಬಿಟ್ಟು ಕ್ಯಾಮೆರಾ ಹಿಡಿದ. ಕನ್ನಡ ಬರುತ್ತದೆ ಅಂತ ಅಲ್ಲಿಗೇ ಹೋದೆ. ಎರಡು ಮುಂದಿಟ್ಟರು. ಒಂದು, ಯಾರೋ ರಿಟೈರಾದ ಫೋಟೋಗ್ರಾಫರ್ ಮಾರಲು ಕೊಟ್ಟದ್ದು. ಏನು ಹೇಳಲಿ, ಬಿಜಾಪುರದ ತೋಪು ನೋಡಿದ್ದೀಯಲ್ಲ, ಅದರ ಮರಿ! ಇನ್ನೊಂದು ನೀನು ಬರೆದ ಮುನ್ನೂರರದು, ಹೊಸದು, ಚಪಾತಿ ಲಟ್ಟಣಿಗೆಗಿಂತ ತುಸು ದಪ್ಪ. ಬೆಲೆ ಹೆಚ್ಚುಕಡಿಮೆ ಒಂದೇ. ನಾನು ಎತ್ತಿನ ದಲಾಲಿ ಮಾಡಿದವರ ಮಗ, ನೆನಪಿರಲಿ. ಎತ್ತು ಕೊಳ್ಳುವವನು ಹಲ್ಲು ನೋಡಬೇಕು, ಸುಳಿ ನೋಡಬೇಕು, ಗೊರಸು ಎತ್ತಿ ನೋಡಬೇಕು. ಲೆನ್ಸಿನ ಹಿಂದು ಮುಂದು, ಸಂದುಗೊಂದು ಎಲ್ಲ ನೋಡಿ ದಿನಕ್ಕೊಂದು ಐಬು ತೆಗೆದೆ. ಒಂದು ದಿನ ಅದರ ತಿರುವುವ ಉಂಗುರ ಬಿಗಿ ಅಂದೆ, ಮರುದಿನ ಅದೇ ಉಂಗುರ ಸಡಿಲ ಅಂದೆ. ಮೋಹನದಾಸರಿಗೆ ಬೇಸರವೇ ಬರಲಿಲ್ಲ. ಕಡೆಗೆ ವ್ಯವಹಾರ ಮುರಿಯಲೆಂದೇ ಹೆಗಲ ಮೇಲಿನ ಟವೆಲ್ ತೆಗೆದು ಅವರ ಕೈ ಮೇಲೆ ಹೊದಿಸಿ, ಕೆಳಗೆ ಬೆರಳು ಹಿಡಿದೆ. ಸಂತೆಯಲ್ಲಿ ನಾವು ಹೀಗೆಯೇ ತಾನೆ ದರ ಹೇಳುವುದು, ಪಕ್ಕದವನಿಗೆ ತಿಳಿಯಬಾರದು ಅಂತ. ಅರ್ಧ ಬೆಲೆಗೆ ಎರಡು ಬೆರಳು ಒತ್ತಿದೆ, ಸಿಟ್ಟಾಗಿ ಓಡಿಸಲಿ ಅಂತ. ಆ ಪುಣ್ಯಾತ್ಮ ಕೈ ಎಳೆದುಕೊಳ್ಳಲಿಲ್ಲ. 'ಎಂತ ಮಾರಾಯ್ರೆ, ಧಾರೆ ಎರೀಲಿಕ್ಕೆ ನೀರು ತರಿಸ್ಲಾ?' ಅಂದರು. ಅಂಗಡಿ ತುಂಬ ನಗೆ. ಆಮೇಲೆ ಟವೆಲ್ ಮಡಚಿ ನನ್ನ ಕೈಗೆ ಕೊಟ್ಟು ಮೆಲ್ಲಗೆ, 'ಸಿದ್ರಾಮಪ್ಪನವರೆ, ನೀವು ತಗೊಳ್ಳಿಕ್ಕೆ ಬರುದಾ, ತಗೊಳ್ಳದೆ ಹೋಗ್ಲಿಕ್ಕೆ ಬರುದಾ?' ಅಂತ ಕೇಳಿದರು. ಅರವತ್ತು ಮದುವೆಗಳಲ್ಲಿ ಮಧ್ಯಸ್ಥಿಕೆ ಮಾಡಿದ ನಾನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡೆ. ಏನಾದರೂ ಹೇಳಬೇಕಲ್ಲ ಅಂತ, 'ನೊಗಕ್ಕ ಹೂಡಿ ನೋಡಲಾರದ ನಮ್ಮ ಮನಿತನದಾಗ ಯಾರೂ ಎತ್ತ ತಂದಿಲ್ರಿ' ಅಂದೆ. ಹೊಲದಲ್ಲಿ ನಡೆಸಿ ನೋಡಬೇಕು ಅಂತ ಅರ್ಥ. ಇಲ್ಲ ಅನ್ನುತ್ತಾರೆ, ತಪ್ಪಿತು ಅಂದುಕೊಂಡೆ. 'ರವಿವಾರ ಬನ್ನಿ, ನನ್ನ ಜೀಪುಂಟು' ಅಂದುಬಿಟ್ಟರು!

ನಿಮ್ಮವ್ವ ತಾನೂ ಬರುತ್ತೇನೆ ಅಂದಳು. ನಾನು ಮರುಳಾಗಿ ಹೂಂ ಅಂದುಬಿಟ್ಟರೆ ಅಂತ ಕಾವಲಿಗೆ. ರವಿವಾರ ದಾರಿಯಲ್ಲಿ ಕುರಕುಂಭದ ಕಾರಖಾನೆಗಳ ನಾತಕ್ಕೆ ಮೂಗಿಗೆ ಸೆರಗು ಹಿಡಿದವಳು, ಆಚೆಯ ಹುಲ್ಲುಗಾವಲು ಬರುವವರೆಗೆ ತೆಗೆಯಲಿಲ್ಲ. ಅಲ್ಲಿ ಚಿಂಕಾರಾ ಜಿಂಕೆಗಳಿವೆ, ನಿನಗೆ ಗೊತ್ತಿರಬೇಕು, ಕುರಿಗಿಂತ ಸಣ್ಣ, ನೆರಳಿಗಿಂತ ಚುರುಕು. ನಾನು ದೊಡ್ಡದನ್ನೇ ಹಿಡಿದೆ. ನಾನು ಅದರ ಸ್ಟ್ಯಾಂಡಿನ ಮೂರು ಕಾಲು ಬಿಚ್ಚುವಷ್ಟರಲ್ಲಿ ಚಿಂಕಾರಾ ನಾಲ್ಕು ಕಾಲೂ ಕಿತ್ತಿತು. ಸ್ಟ್ಯಾಂಡ್ ಹೊತ್ತು ಆ ದಿನ್ನೆಗೆ ಹೋದರೆ ಅದು ಈ ದಿನ್ನೆಗೆ. ಮೂರು ಸಲ ಹೀಗೆ ಆಯಿತು. ನಾಲ್ಕನೇ ಸಲ ಅದು ನಿಂತಿತು, ಆಗ ನಾನು ಮುಚ್ಚಳ ತೆಗೆಯುವುದನ್ನು ಮರೆತಿದ್ದೆ. ಮೋಹನದಾಸ್ ಗಾಡಿಯ ಹಿಂದೆ ಹೋಗಿ ನಕ್ಕು ಬಂದರು. ನಿಮ್ಮವ್ವ ನಗಲಿಲ್ಲ. ಎದ್ದು ಬಂದು ತೋಪನ್ನು ನನ್ನಿಂದ ಕಸಿದು, ಸೆರಗನ್ನು ಸಿಂಬಿ ಮಾಡಿ ಹೆಗಲ ಮೇಲಿಟ್ಟು, ಸ್ಟ್ಯಾಂಡನ್ನು ಇನ್ನೊಂದು ಕೈಯಲ್ಲಿ ಹಿಡಿದು ನಡೆಯತೊಡಗಿದಳು. ನೀರು ಹೊತ್ತ ನಡಿಗೆ ಅದು. ದೂರದ ಒಂದು ಬನ್ನಿಗಿಡದವರೆಗೆ ಹೋದಳು, ಬಂದಳು, ಮತ್ತೆ ಹೋದಳು. ವಾಪಸು ಬಂದು ಬೆವರು ಒರೆಸಿಕೊಂಡು ಮೋಹನದಾಸರನ್ನು, 'ಅಲ್ರೀ ಅಣ್ಣಾರ, ಈ ಹುಡುಗ್ಯಾರು ದಿನಕ್ಕ ಎಷ್ಟ ನಡೀತಾರ?' ಅಂತ ಕೇಳಿದಳು. ಹತ್ತು ಹದಿನೈದು ಕಿಲೋಮೀಟರ್ ಆಗಬಹುದು ಅಂದರು ಅವರು. ನಿಮ್ಮವ್ವ ನನ್ನ ಕಡೆ ತಿರುಗಿದಳು. 'ಮತ್ತ ಈ ಒರಳಕಲ್ಲ ಯಾರ ಹೆಗಲಿಗಿ ಹೇರಾಕ ಹೊಂಟಿದ್ದೀ? ಮಂದಿ ಮುಂದ ದೊಡ್ಡದು ಅಂದ್ರಾತು, ಹೊರಾವ್ರು ಯಾರಂತ ನೋಡೂದಿಲ್ಲೇನ ನೀ?'

ನೀತಾ, ಕೊಡಿಸಲೇಬೇಡ ಅಂದವಳು ಆಕೆ! ಆದರೆ ತಮ್ಮ ತಪ್ಪು ಮಾಲು ಕೊಳ್ಳುತ್ತಿದ್ದಾನೆ ಅಂತ ಕಂಡರೆ ನಿಮ್ಮವ್ವನಿಗೆ ಕೈ ಕಟ್ಟಿ ಕೂಡಲು ಆಗುವುದಿಲ್ಲ. ತುಳಶೀಬಾಗದಲ್ಲಿ ಸೌಟು ಕೊಳ್ಳುವಾಗಲೂ ಹತ್ತು ಎತ್ತಿ ಒಂದು ಇಡುವವಳು. ಸಣ್ಣ ಲೆನ್ಸು ಕೇಳಿದಳು. ಕೈಯಲ್ಲಿ ತೂಗಿದಳು, ಬೆರಳುಗುರಿನಿಂದ ತಟ್ಟಿದಳು, ಮೋಹನದಾಸರಿಂದ ಅದನ್ನು ಕ್ಯಾಮೆರಾಕ್ಕೆ ಹಾಕಿಸಿ ಕಣ್ಣಿಗೆ ಹಚ್ಚುವುದು, ಗುಂಡಿ ಒತ್ತುವುದು ಕಲಿತಳು. ಚಿಂಕಾರಾಗಳು ಅಷ್ಟರಲ್ಲಿ ಬಾರಾಮತಿ ಮುಟ್ಟಿದ್ದವು. ನೋಡಲು ಏನೂ ಉಳಿದಿರಲಿಲ್ಲ. 'ಸಿದ್ದ್ಯಾ, ನೀ ಓಡು' ಅಂದಳು. ನಾನು ತಮಾಷೆ ಅಂದುಕೊಂಡೆ. 'ಓಡಂದ್ರ ಓಡೋ, ಬಗ್ಗಿ ಓಡು, ನೀ ಎತ್ತರ ಆಗತಿ.' ಐವತ್ತಾರು ವರ್ಷದ, ಗಣಪತಿ ಮಂಡಳಿಯ ಖಜಾಂಚಿಯಾದ ನಾನು ಹುಲ್ಲಿನಲ್ಲಿ ಬಗ್ಗಿ ಜಿಂಕೆಯಾಗಿ ಓಡಿದೆ. ಎಡಕ್ಕೆ ಓಡು ಅಂದಳು, ಬಲಕ್ಕೆ ಓಡು ಅಂದಳು, ನಡುವೆ ನಿಂತು ಹಿಂದಿರುಗಿ ನೋಡು ಅಂದಳು. ಮೊಣಕಾಲು ಹೋದದ್ದು ಆಗ. ಆಕೆ ತೆಗೆದ ಫೋಟೋ ತೊಳೆದು ಬಂದಿವೆ. ಎಂಟರಲ್ಲಿ ಆರು ಸ್ವಚ್ಛ, ಧೋತರದ ಅಂಚಿನ ಬಣ್ಣವೂ ಕಾಣುತ್ತದೆ. ಒಂದರಲ್ಲಿ ನನ್ನ ಮುಖ ನಿಜಕ್ಕೂ ಚೆನ್ನಾಗಿ ಬಂದಿದೆ, ಅದನ್ನು ಕಟ್ಟು ಹಾಕಿಸಲು ಕೊಟ್ಟಿದ್ದೇನೆ.

ಜೀಪಿನಲ್ಲಿ ಹಿಂದಿರುಗುವಾಗ ಯವತ ಊರು ದಾಟುವ ತನಕ ಆಕೆ ಸೆರಗಿಗೆ ಹತ್ತಿದ ಹುಲ್ಲುಮುಳ್ಳು ಕೀಳುತ್ತಿದ್ದಳು. ಆಮೇಲೆ ಕಿಟಕಿ ಕಡೆ ನೋಡುತ್ತಲೇ, 'ಇದನ್ನ ಕೊಡಸು. ಸಣ್ಣದ' ಅಂದಳು. 'ಪಾರ್ಸಲ್ ಗೀರ್ಸಲ್ ಬ್ಯಾಡ, ಒಡೀತಾರ. ನಾನ ಒಯ್ದ ಕೊಡತೀನಿ.' ಗೆದ್ದೆ! ಅಂತ ಮನೆಗೆ ಬಂದು ಶೈಲಾಳ ಮುಂದೆ ಕುಣಿದೆ, ಒಂದೇ ಕಾಲಿನಲ್ಲಿ. ಸೋಮವಾರ ಲೆನ್ಸು ಮನೆಗೆ ಬಂತು. ನಿಮ್ಮವ್ವ ಅದನ್ನು ಕೌದಿಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟು ಕೀಲಿ ಹಾಕಿದ್ದಾಳೆ. ಬರುವ ಬುಧವಾರದ ರೈಲಿಗೆ ಹೊರಡುತ್ತಾಳೆ, ನವೆಂಬರ್ ನಾಲ್ಕು, ಗುರುವಾರ ಬೆಳಿಗ್ಗೆ ಬಡನೇರಾ ಸ್ಟೇಷನ್. ಕಾಡಿನಿಂದ ಹಿಂದಿನ ದಿನವೇ ಇಳಿದು ಬಾ, ಆಕೆಯನ್ನು ಕಾಯಿಸಬೇಡ. ತಲೆಗೆ ಎಣ್ಣೆ ಹಚ್ಚಿಕೊಂಡು ಬಾ, ಅರ್ಧ ಸಿಟ್ಟು ಅದರಲ್ಲೇ ಇಳಿಯುತ್ತದೆ.

ಶೈಲಾ ಅತ್ತಿ ನೆನಪು ಹೇಳಿದ್ದಾಳೆ. ನಿನ್ನ ಜೊತೆಗಾರರಿಗೆಲ್ಲ ನನ್ನ ನಮಸ್ಕಾರ, ಹುಲಿಗೆ ಬೇಡ. ನೂರು ವರ್ಷ ಬಾಳು, ಹೆಗಲು ಜೋಪಾನ.

ನಿನ್ನ
ಸಿದ್ರಾಮಪ್ಪ ಮಾಮಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿಮ್ಮವ್ವ ಹೋಗಲು ಒಂದು, ಬರಲು ಎರಡು ಟಿಕೆಟ್ ತೆಗೆಸಿದ್ದಾಳೆ, ಶುಕ್ರವಾರದ್ದು. ಲೆನ್ಸು ನಿನ್ನ ಕೈಗೆ ಕೊಟ್ಟು, 'ದೀಪಾವಳಿ ಮಾಡಿಕೊಂಡ, ಹುಡುಗನ್ನ ನೋಡಿ, ಆಮ್ಯಾಲೆ ಹೋಗೂವಂತಿ' ಅನ್ನುವ ವಿಚಾರ. ದೀಪಾವಳಿ ಹನ್ನೆರಡಕ್ಕೆ ಇದೆ, ನಿನ್ನ ಕೆಲಸ ಎಂಟಕ್ಕೆ. ಆಕೆಗೆ ಅದು ಗೊತ್ತಿಲ್ಲ ಅಂತ ತಿಳಿಯಬೇಡ. ಕೈಯಲ್ಲಿ ಲೆನ್ಸು ಇಟ್ಟವಳಿಗೆ ನೀನು ಇಲ್ಲ ಅನ್ನಲಾರೆ, ನಾನೇ ಅನ್ನಲಾರದೆ ಹುಲ್ಲಿನಲ್ಲಿ ಓಡಿದವನು. ಟಿಕೆಟ್ ನನ್ನ ಹತ್ತಿರ ಇದ್ದವು. ಇವತ್ತು ಬೆಳಿಗ್ಗೆ ಪುಣೆ ಸ್ಟೇಷನ್ನಿಗೆ ಹೋಗಿ, ಮರಳಿ ಬರುವುದರಲ್ಲಿ ನಿನ್ನ ಹೆಸರಿನದನ್ನು ರದ್ದು ಮಾಡಿಸಿ ಬಂದೆ. ಬರಲೇಬೇಕು ಅಂತ ನಿನಗೇ ಅನಿಸಿದರೆ ಜನರಲ್ ಡಬ್ಬಿ ಇದೆ, ನಿಂತು ಬರುವ ವಯಸ್ಸೂ ಇದೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ನೀನೇ ಹೇಳು ನೀತವ್ವಾ, ನನಗೆ ಧೈರ್ಯ ಇಲ್ಲ.